ಎಣ್ಣೆ ಬದಲಾದ ಮೇಲೆ ಎಂಜಿನ್ ಕೆಟ್ಟರೆ

ಗ್ಯಾರೇಜಿನಲ್ಲಿ ನಡೆಯುವ ಕೆಲಸಗಳಲ್ಲೆಲ್ಲ ಅತ್ಯಂತ ಅಲ್ಪವಾದುದೆಂದು ಎಣಿಸಲ್ಪಡುವುದು ಎಣ್ಣೆ ಬದಲಾಯಿಸುವ ಕೆಲಸ. ಮೇಸ್ತ್ರಿಯಾದವನು ಅದಕ್ಕೆ ತಾನೇ ಕೈಹಾಕದೆ, ಕಸುಬು ಕಲಿಯಲು ಸೇರಿದ ಹುಡುಗನಿಗೆ ಒಪ್ಪಿಸಿಬಿಡುತ್ತಾನೆ. ಗಾಡಿಯ ಯಜಮಾನರು ಎದುರಿನ ಹೋಟೆಲಿನಲ್ಲಿ ಕಾಫಿ ಮುಗಿಸಿ ಬರುವಷ್ಟರಲ್ಲಿ ಹಳೆಯ ಎಣ್ಣೆ ಇಳಿದು, ಹೊಸದು ತುಂಬಿ, ರಸೀದಿಯೂ ಸಿದ್ಧವಾಗಿರುತ್ತದೆ. ಇಷ್ಟು ಸುಲಭವಾದ ಈ ಕಾರ್ಯದಲ್ಲಿ ಒಂದು ಬೋಲ್ಟು ಬಿಗಿಯದೆ ಉಳಿದರೆ, ಅಥವಾ ಕಾಸಿನಗಲದ ಒಂದು ವಾಷರು ತಪ್ಪಿಹೋದರೆ, ಮೂರ್ನಾಲ್ಕು ಲೀಟರು ಎಣ್ಣೆ ಹೆದ್ದಾರಿಯ ಮೇಲೆ ತೊಟ್ಟುತೊಟ್ಟಾಗಿ ಸೋರಿಹೋಗಿ, ಲಕ್ಷ ರೂಪಾಯಿ ಬಾಳುವ ಎಂಜಿನ್ನು ಕಚ್ಚಿಕೊಂಡು ನಿಂತುಬಿಡುತ್ತದೆ. ಆಮೇಲೆ ನಡೆಯುವ ಮಾತುಕತೆ ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯದು. “ನಿನ್ನೆ ತಾನೆ ನಿಮ್ಮ ಹತ್ತಿರ ಆಯಿಲ್ ಚೇಂಜ್ ಮಾಡಿಸಿದ್ದೀನಿ, ಇವತ್ತು ಎಂಜಿನ್ ಸೀಜ್ ಆಗಿದೆಯಲ್ಲಪ್ಪಾ” ಎಂದು ಒಬ್ಬರು, “ನಾವು ಎಣ್ಣೆ ಹಾಕಿಕೊಟ್ಟಿದ್ದು ಅಷ್ಟೇ ಸಾರ್, ಎಂಜಿನ್ ಮುಟ್ಟೇ ಇಲ್ಲ, ನಿಮ್ಮ ಗಾಡಿ ಮೊದಲೇ ವೀಕ್ ಆಗಿತ್ತು, ಇಲ್ಲಾಂದ್ರೆ ದಾರೀಲಿ ಚೇಂಬರ್‌ಗೆ ಕಲ್ಲು ಹೊಡೆದಿರಬೇಕು” ಎಂದು ಮತ್ತೊಬ್ಬರು.

ಈ ವ್ಯಾಜ್ಯ ಇಬ್ಬರ ಗಂಟಲಿನ ಬಲದಿಂದ ತೀರತಕ್ಕದ್ದಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹೊಣೆ ಮೊದಲು ಬೀಳುವುದು ಕೆಲಸ ಮಾಡಿದವನ ಮೇಲೆಯೇ, ಆದರೆ ಮುಂಭಾಗದ ಫಲಕದಲ್ಲಿ ಕೆಂಪು ದೀಪ ಹೊತ್ತಿದ ಮೇಲೆಯೂ ಗಾಡಿ ಓಡಿಸಿದವರು ಆ ಕ್ಷಣದಿಂದ ಮುಂದಿನ ಹಾನಿಗೆ ಪಾಲುಗಾರರಾಗುತ್ತಾರೆ, ಈ ಎರಡು ಪಾಲುಗಳನ್ನು ಬೇರ್ಪಡಿಸಿ ತೋರಿಸಬಲ್ಲ ಸಾಕ್ಷಿ ಎಂಜಿನ್ನಿನ ಒಳಗೇ ಇರುತ್ತದೆ, ಮತ್ತು ಅದನ್ನು ನಾವು ಬಹುಮಟ್ಟಿಗೆ ಮೊದಲನೆಯ ದಿನವೇ ಕೈಯಾರೆ ಕಳೆದುಕೊಳ್ಳುತ್ತೇವೆ.

ಎಣ್ಣೆಯ ಕಾರ್ಯವೇನೆಂಬುದನ್ನು ತಿಳಿಯದೆ ಹೊಣೆಯ ವಿಚಾರಕ್ಕೆ ಕೈಹಾಕುವುದು ಸರಿಯಲ್ಲ. ಜಾರುವಂತೆ ಮಾಡುವುದಷ್ಟೇ ಅದರ ಕೆಲಸವೆಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವವಾಗಿ ಎಣ್ಣೆ ಭಾರವನ್ನು ಹೊರುತ್ತದೆ. 1880ರ ದಶಕದಲ್ಲಿ ಬೀಚಮ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗನ್ನು ಪರೀಕ್ಷಿಸುತ್ತಿದ್ದಾಗ, ಎಣ್ಣೆ ಬಿಡುವುದಕ್ಕೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರ ಕೊರೆದನು. ಅಚ್ಚು ತಿರುಗತೊಡಗಿದಾಗ ಎಣ್ಣೆ ಒಳಕ್ಕೆ ಇಳಿಯುವುದಕ್ಕೆ ಬದಲಾಗಿ ಆ ರಂಧ್ರದಿಂದ ಮೇಲಕ್ಕೆ ಉಕ್ಕಿಬಂತು. ಬಿರಡೆ ತುರುಕಿದರೆ ಬಿರಡೆ ಹೊರಬಿತ್ತು; ಮರದ ಗೂಟ ಬಡಿದರೆ ಗೂಟವೂ ನಿಲ್ಲಲಿಲ್ಲ. ಒತ್ತಡಮಾಪಕವನ್ನು ಜೋಡಿಸಿ ನೋಡಿದಾಗ, ಅಚ್ಚಿನ ಮೇಲಿದ್ದ ಭಾರವನ್ನೆಲ್ಲ ಎಣ್ಣೆಯ ಪೊರೆಯೇ ಎತ್ತಿಹಿಡಿದಿದೆಯೆಂಬುದೂ, ಲೋಹಕ್ಕೆ ಲೋಹ ತಾಗಿಯೇ ಇಲ್ಲವೆಂಬುದೂ ವ್ಯಕ್ತವಾಯಿತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಎಂಬ ವಿದ್ವಾಂಸನು ಇದಕ್ಕೆ ಗಣಿತದ ಆಧಾರವನ್ನು ಒದಗಿಸಿದನು. ನಮ್ಮ ಮನೆಯ ಮುಂದೆ ನಿಂತಿರುವ ಕಾರಿನ ಕ್ರ್ಯಾಂಕ್ ಶಾಫ್ಟು ತಿರುಗುವುದೂ ಇಂಥ ಪೊರೆಯ ಮೇಲೆಯೇ. ಅದರ ದಪ್ಪ ತಲೆಗೂದಲಿಗಿಂತ ಎಷ್ಟೋ ಪಾಲು ಕಡಮೆ. ಪಂಪು ಎಣ್ಣೆಯನ್ನು ಒತ್ತಿ ಕಳುಹಿಸುತ್ತಿರುವವರೆಗೆ ಎಂಜಿನ್ನು ವರ್ಷಾನುಗಟ್ಟಲೆ ಹೆಚ್ಚು ಸವೆಯದೆ ಓಡುತ್ತದೆ. ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ಚೇಂಬರು ಬರಿದಾಗಿ ಪಂಪು ಗಾಳಿಯನ್ನು ಹೀರತೊಡಗಿದೊಡನೆ ಪೊರೆ ಹರಿದು, ಲೋಹ ಲೋಹವನ್ನು ಉಜ್ಜಿ, ಬೇರಿಂಗಿನ ಮೆತ್ತನೆಯ ಪದರ ಕರಗಿ, ಕೆಲವೇ ನಿಮಿಷಗಳಲ್ಲಿ ಶಾಫ್ಟು ಕಚ್ಚಿಕೊಳ್ಳುತ್ತದೆ.

ಇನ್ನು ತಪ್ಪು ಎಲ್ಲೆಲ್ಲಿ ನುಸುಳುತ್ತದೆಂಬುದನ್ನು ಗಾಡಿಯ ಅಡಿಗೆ ಬಗ್ಗಿ ನೋಡೋಣ. ಚೇಂಬರಿನ ತಳದಲ್ಲಿ ಒಂದು ಡ್ರೈನ್ ಬೋಲ್ಟು. ಅದರ ಕುತ್ತಿಗೆಗೆ ತಾಮ್ರದ್ದೋ ಅಲ್ಯುಮಿನಿಯಮ್ಮಿನದೋ ಒಂದು ವಾಷರು. ಬೋಲ್ಟನ್ನು ಬಿಗಿದಾಗ ಈ ವಾಷರು ತುಸು ಜಜ್ಜಿಹೋಗಿ ಸಂದನ್ನು ಮುಚ್ಚುತ್ತದೆ. ಒಮ್ಮೆ ಜಜ್ಜಿದ್ದು ಮತ್ತೊಮ್ಮೆ ಅಷ್ಟು ಚೆನ್ನಾಗಿ ಕೂರದಾದ್ದರಿಂದ ಪ್ರತಿಸಲವೂ ಹೊಸದನ್ನು ಹಾಕಬೇಕೆಂಬುದು ಅನೇಕ ತಯಾರಕರ ವಿಧಿ. ಹತ್ತಿಪ್ಪತ್ತು ರೂಪಾಯಿಯ ಈ ಬಿಲ್ಲೆಯನ್ನು ಉಳಿಸುವುದರಲ್ಲಿ ನಮ್ಮ ಗ್ಯಾರೇಜುಗಳು ತೋರಿಸುವ ಮಿತವ್ಯಯ ಬೇರೆ ಯಾವ ವಿಷಯದಲ್ಲಿಯೂ ಕಾಣಬರುವುದಿಲ್ಲ. ಬೋಲ್ಟು ಸಡಿಲವಾದರೆ ಬೀಳುತ್ತದೆ. ಬೀಳಬಾರದೆಂದು ಉದ್ದನೆಯ ಹಿಡಿಯ ಪಾನಾದಿಂದ ಅತಿಯಾಗಿ ಬಿಗಿದರೆ ಚೇಂಬರಿನ ಮೆದು ಲೋಹದ ತಿರುಪುಸಾಲು ಕಿತ್ತುಹೋಗಿ, ಬೋಲ್ಟು ಹೆಸರಿಗೆ ಮಾತ್ರ ನಿಂತಿರುತ್ತದೆ. ಇದಕ್ಕಿಂತ ಕುಟಿಲವಾದದ್ದು ಫಿಲ್ಟರಿನ ತಪ್ಪು. ಹಳೆಯ ಫಿಲ್ಟರನ್ನು ಬಿಚ್ಚಿದಾಗ ಅದರ ರಬ್ಬರ್ ಉಂಗುರ ಶಾಖಕ್ಕೆ ಅಂಟಿಕೊಂಡು ಎಂಜಿನ್ನಿನ ಮೈಮೇಲೆಯೇ ಉಳಿಯುವುದುಂಟು. ಒಂದು ತುಂಡು ವೇಸ್ಟಿನಿಂದ ಆ ಜಾಗವನ್ನು ಒರೆಸಿ ನೋಡುವಷ್ಟು ತಾಳ್ಮೆಯಿಲ್ಲದ ಹುಡುಗ ಅದರ ಮೇಲೆಯೇ ಹೊಸ ಫಿಲ್ಟರನ್ನು ತಿರುಗಿಸಿದರೆ ಉಂಗುರದ ಮೇಲೆ ಉಂಗುರ ಕುಳಿತು, ಗ್ಯಾರೇಜಿನ ಅಂಗಳದಲ್ಲಿ ತೊಟ್ಟೂ ಸೋರದೆ, ಹೆದ್ದಾರಿಯಲ್ಲಿ ಒತ್ತಡ ಏರಿದಾಗ ಒಮ್ಮೆಲೇ ಜಾರಿ, ಎಣ್ಣೆ ಬುಗ್ಗೆಯಾಗಿ ಚಿಮ್ಮಿಬಿಡುತ್ತದೆ. ಹಳೆಯ ಎಣ್ಣೆ ಇಳಿಸಿದವನು ಊಟಕ್ಕೆ ಹೋಗಿ, ಹೊಸದನ್ನು ತುಂಬಿರಬಹುದೆಂದು ಭಾವಿಸಿ ಇನ್ನೊಬ್ಬನು ಎಂಜಿನ್ ಚಾಲೂ ಮಾಡುವುದೂ ಉಂಟು. ಅಳತೆಗಿಂತ ಹೆಚ್ಚು ತುಂಬಿದರೂ ಕೇಡೇ: ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆ ಭಾರ ಹೊರಲಾರದು.

ಹೀಗೆಂದ ಮಾತ್ರಕ್ಕೆ ಎಣ್ಣೆ ಬದಲಾಯಿಸಿದ ಮೇಲೆ ಆದದ್ದೆಲ್ಲ ಅದರಿಂದಲೇ ಆದದ್ದೆಂದು ತಿಳಿಯಬಾರದು. ಕಾಗೆ ಕುಳಿತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಸಂಬಂಧವಿಲ್ಲದಿರಬಹುದೆಂದು ನಮ್ಮ ಹಿರಿಯರು ಕಾಕತಾಳೀಯ ನ್ಯಾಯವನ್ನು ಹೇಳಿದ್ದು ಇಂಥ ಸಂದರ್ಭಗಳಿಗಾಗಿಯೇ. ಎರಡು ವರ್ಷ ಎಣ್ಣೆಯನ್ನೇ ಬದಲಾಯಿಸದೆ ಓಡಿಸಿದ ಗಾಡಿಯನ್ನು ಅದು ಗಡಗಡ ಶಬ್ದ ಮಾಡತೊಡಗಿದ ಮೇಲೆ ಗ್ಯಾರೇಜಿಗೆ ತಂದು, ಮರುದಿನ ಕೆಟ್ಟಿತೆಂದು ಮೇಸ್ತ್ರಿಯ ಕೊರಳಪಟ್ಟಿ ಹಿಡಿಯುವವರೂ ಇದ್ದಾರೆ. ಸತ್ಯಾಸತ್ಯಗಳನ್ನು ಲೋಹವೇ ಹೇಳುತ್ತದೆ. ವಾಲ್ವಿನ ಮುಚ್ಚಳವನ್ನು ತೆಗೆದಾಗ ಒಳಗೆಲ್ಲ ಡಾಂಬರಿನಂಥ ಕಪ್ಪು ಜಿಡ್ಡು ಹೆಪ್ಪುಗಟ್ಟಿದ್ದರೆ ಅದು ಯಜಮಾನರ ದೀರ್ಘಕಾಲದ ಉಪೇಕ್ಷೆಯ ಫಲ. ಒಳಭಾಗ ಶುಭ್ರವಾಗಿದ್ದು ಕನೆಕ್ಟಿಂಗ್ ರಾಡಿನ ಬೇರಿಂಗುಗಳು ಮಾತ್ರ ನೀಲಿಗಟ್ಟಿ ಸುಟ್ಟಿದ್ದರೆ ಎಣ್ಣೆ ಹಠಾತ್ತಾಗಿ ನಿಂತುಹೋಯಿತೆಂದು ಅರ್ಥ. ಚೇಂಬರಿಗೆ ಕಲ್ಲು ಬಡಿದಿದ್ದರೆ ತಗ್ಗು, ಗೀರು, ಬಿರುಕು ಇರಲೇಬೇಕು. ನಮ್ಮ ರಸ್ತೆಯ ಹಂಪುಗಳನ್ನು ನೆನೆದರೆ ಈ ವಾದವನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲವಾದರೂ, ನುಣುಪಾದ ಚೇಂಬರನ್ನು ಮುಂದಿಟ್ಟುಕೊಂಡು ಕಲ್ಲಿನ ಕಥೆ ಹೇಳುವವನನ್ನು ನಂಬಬೇಕಾಗಿಲ್ಲ. ಬೋಲ್ಟು ಬಿದ್ದುಹೋಗಿದ್ದು ರಂಧ್ರದ ತಿರುಪುಸಾಲು ಕೆಡದೆ ಇದ್ದರೆ ಅದು ಬಿಗಿಯದೆ ಬಿಟ್ಟ ಬೋಲ್ಟು. ಸಾಲೇ ಸುರುಳಿಯಾಗಿ ಕಿತ್ತುಬಂದಿದ್ದರೆ ಅತಿಯಾಗಿ ಬಿಗಿದದ್ದು. ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ: ಸಾಲನ್ನು ಕೆಡಿಸಿದವನು ಕಳೆದ ವರ್ಷ ಕೆಲಸ ಮಾಡಿದ ಬೇರೊಬ್ಬನೂ ಆಗಿರಬಹುದು. ಹಾಗಿದ್ದರೂ ಅದನ್ನು ಕಂಡು ಯಜಮಾನರಿಗೆ ತಿಳಿಸದೆ ಬೋಲ್ಟನ್ನು ಹಾಗೆಯೇ ತುರುಕಿ ಕಳುಹಿಸಿದ ಈಗಿನವನು ನಿರ್ದೋಷಿಯಲ್ಲ.

ಇಷ್ಟು ಯಂತ್ರದ ಮಾತು. ಇನ್ನು ಧರ್ಮದ ಮಾತು. ಕಸುಬುದಾರನ ಕೈಗೆ ಕೊಟ್ಟ ವಸ್ತು ಕೆಟ್ಟರೆ ಹೊಣೆ ಯಾರದೆಂಬ ಪ್ರಶ್ನೆ ಮೋಟಾರಿನೊಂದಿಗೆ ಹುಟ್ಟಿದ್ದಲ್ಲ. ಅಗಸನು ಬಟ್ಟೆಯನ್ನು ಮರದ ಹಲಗೆಯ ಮೇಲೆ ಅಥವಾ ನುಣುಪಾದ ಕಲ್ಲಿನ ಮೇಲೆ ಮಾತ್ರ ಒಗೆಯಬೇಕು, ಬೇರೆಡೆ ಒಗೆದು ಕೆಡಿಸಿದರೆ ನಷ್ಟವನ್ನು ತುಂಬಿಕೊಡುವುದಲ್ಲದೆ 6 ಪಣ ದಂಡವನ್ನೂ ತೆರಬೇಕು ಎಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಕೆಲಸಕ್ಕೆ ತಕ್ಕ ಕ್ರಮವೊಂದುಂಟು, ಕಸುಬುದಾರನು ಅದನ್ನು ಬಲ್ಲವನಾಗಿರಬೇಕು ಎಂಬುದು ಅದರ ತಾತ್ಪರ್ಯ. ಇಂದು ನಮ್ಮನ್ನು ಆಳುವ 1872ರ ಭಾರತೀಯ ಕರಾರು ಕಾಯಿದೆಯ ಮಾತೂ ಇದಕ್ಕಿಂತ ದೂರವಿಲ್ಲ. ಒಂದು ಉದ್ದೇಶಕ್ಕಾಗಿ ವಸ್ತುವನ್ನು ಇನ್ನೊಬ್ಬರ ವಶಕ್ಕೊಪ್ಪಿಸಿದಾಗ, ಸಾಮಾನ್ಯ ವಿವೇಕವುಳ್ಳ ಮನುಷ್ಯನು ಅಂಥದೇ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನವಾಗಿ ನೋಡಿಕೊಳ್ಳುವನೋ ಅಷ್ಟು ಜೋಪಾನದಿಂದ ಪಡೆದವನು ನೋಡಿಕೊಳ್ಳತಕ್ಕದ್ದೆಂದು ಅದರ 151ನೆಯ ಪ್ರಕರಣ ಹೇಳುತ್ತದೆ. ಅಷ್ಟು ಜೋಪಾನ ಮಾಡಿದ್ದರೆ ಅವನು ಹೊಣೆಗಾರನಲ್ಲವೆಂದು 152ನೆಯದು ರಕ್ಷಣೆ ಕೊಡುತ್ತದೆ. ಆದರೆ ಜೋಪಾನ ಮಾಡಿದೆನೆಂದು ತೋರಿಸಬೇಕಾದ ಭಾರ ಅವನದೇ ಹೊರತು, ಮಾಡಲಿಲ್ಲವೆಂದು ಸಾಧಿಸುವ ಭಾರ ಯಜಮಾನರದಲ್ಲ. ಮುಚ್ಚಿದ ಶೆಟರಿನ ಹಿಂದೆ ಏನು ನಡೆಯಿತೆಂಬುದನ್ನು ಬಲ್ಲವನು ಒಳಗಿದ್ದವನೊಬ್ಬನೇ ಅಲ್ಲವೆ?

ಈ ತತ್ತ್ವವನ್ನು ಸುಪ್ರೀಂ ಕೋರ್ಟು 2019ರ ನವೆಂಬರಿನಲ್ಲಿ ಒಂದು ಕಾರಿನ ವಿಷಯದಲ್ಲಿಯೇ ಸ್ಪಷ್ಟಪಡಿಸಿದೆ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಅತಿಥಿಯೊಬ್ಬರು ತಮ್ಮ ಮಾರುತಿ ಜೆನ್ ಕಾರಿನ ಕೀಲಿಯನ್ನು ಹೋಟೆಲಿನ ನೌಕರನಿಗೆ ಕೊಟ್ಟು ಒಳಗೆ ಹೋದರು. ಹೊರಗೆ ಬರುವಷ್ಟರಲ್ಲಿ ಕಾರು ಕಳವಾಗಿತ್ತು. ವಾಹನ ನಿಲ್ಲಿಸುವುದು ಅತಿಥಿಗಳ ಸ್ವಂತ ಹೊಣೆಯ ಮೇಲೆ ಎಂದು ಚೀಟಿಯಲ್ಲಿ ಅಚ್ಚುಹಾಕಿದೆಯಲ್ಲ ಎಂಬ ಹೋಟೆಲಿನ ವಾದ ನಿಲ್ಲಲಿಲ್ಲ. ವಸ್ತು ವಶದಲ್ಲಿದ್ದಾಗ ನಷ್ಟವಾದರೆ ತನ್ನ ಅಜಾಗರೂಕತೆಯಿಂದ ಆಗಲಿಲ್ಲವೆಂದು ವಿವರಿಸಬೇಕಾದವನು ವಶಕ್ಕೆ ಪಡೆದವನೇ, ತನ್ನ ಅಜಾಗರೂಕತೆಯ ಫಲದಿಂದ ಅಂಥ ಚೀಟಿಯ ಮರೆಯಲ್ಲಿ ತಪ್ಪಿಸಿಕೊಳ್ಳಲಾಗದು ಎಂದು ನ್ಯಾಯಾಲಯ ನಿರ್ಣಯಿಸಿತು. ಗ್ಯಾರೇಜಿನ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆಸಿದ “ಮಾಲೀಕರೇ ಜವಾಬ್ದಾರರು” ಎಂಬ ಹಲಗೆಯ ಬೆಲೆ ಎಷ್ಟೆಂಬುದನ್ನು ಇದರಿಂದ ತಿಳಿಯಬಹುದು. ಹುಡುಗ ಮಾಡಿದ ತಪ್ಪಿಗೆ ನಾನೇನು ಮಾಡಲಿ ಎಂಬ ಮಾತಿಗಂತೂ ಬೆಲೆಯೇ ಇಲ್ಲ. ಕೆಲಸಗಾರನು ಕೆಲಸದಲ್ಲಿ ಮಾಡಿದ ತಪ್ಪು ಗ್ಯಾರೇಜಿನ ಒಡೆಯನ ತಪ್ಪೇ.

ಆದರೆ ಗಾಡಿ ಗ್ಯಾರೇಜಿನ ಬಾಗಿಲನ್ನು ದಾಟಿದ ಮೇಲೆ ಯಜಮಾನರಿಗೂ ಒಂದು ಕರ್ತವ್ಯವುಂಟು. ಒಬ್ಬ ಗೃಹಸ್ಥರು ಹಾಸನದಲ್ಲಿ ಎಣ್ಣೆ ಬದಲಾಯಿಸಿಕೊಂಡು, ಸಕಲೇಶಪುರವನ್ನು ದಾಟಿ ಶಿರಾಡಿ ಘಾಟಿಯನ್ನು ಇಳಿಯುತ್ತಿದ್ದಾರೆಂದು ಭಾವಿಸೋಣ. ಸಡಿಲ ಬೋಲ್ಟಿನಿಂದ ಎಣ್ಣೆ ಸೋರುತ್ತಲೇ ಬಂದು, ಗುಂಡ್ಯದ ಬಳಿ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಆ ದೀಪದ ಬಗ್ಗೆ ಜನರಲ್ಲಿ ಒಂದು ತಪ್ಪು ಕಲ್ಪನೆ ಬೇರೂರಿದೆ. ಪೆಟ್ರೋಲಿನ ಮುಳ್ಳಿನ ಹಾಗೆ ಅದು ಎಣ್ಣೆ ಕಡಮೆಯಾಗುತ್ತಿದೆಯೆಂದು ಮುಂಚಿತವಾಗಿ ತಿಳಿಸುವುದಿಲ್ಲ, ಒತ್ತಡ ಆಗಲೇ ಬಿದ್ದುಹೋಗಿದೆಯೆಂದು ತಿಳಿಸುತ್ತದೆ. ಅಲ್ಲಿಯೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದ್ದರೆ ಬಹುಶಃ ಎಣ್ಣೆಯ ಬೆಲೆ ಮತ್ತು ಎಳೆದೊಯ್ಯುವ ಗಾಡಿಯ ಬಾಡಿಗೆಯಲ್ಲಿ ನಷ್ಟ ಮುಗಿಯುತ್ತಿತ್ತು. ಕಾಡಿನ ದಾರಿ, ಮಳೆ, ಹಿಂದೆ ಕುಳಿತ ಮಕ್ಕಳು. “ನೆಲ್ಯಾಡಿಗೆ ಹೋಗಿಬಿಡೋಣ, ಅಲ್ಲಿ ಯಾರಾದರೂ ಸಿಗುತ್ತಾರೆ” ಎಂದು ಮನೆಯವರು ಹೇಳುವುದೂ ಸಹಜವೇ. ಆದರೆ ನೆಲ್ಯಾಡಿಯನ್ನು ಸೇರುವಷ್ಟರಲ್ಲಿ ಎಂಜಿನ್ನು ಕಚ್ಚಿಕೊಂಡರೆ, ಅದರ ಪೂರ್ಣ ಬೆಲೆಯನ್ನು ಹಾಸನದ ಮೇಸ್ತ್ರಿಯಿಂದ ಕೇಳುವುದು ನ್ಯಾಯವೆ? ಕರಾರು ಮುರಿದಾಗ ಸಿಗಬೇಕಾದ ಪರಿಹಾರವನ್ನು ಹೇಳುವ, ಅದೇ ಕರಾರು ಕಾಯಿದೆಯ 73ನೆಯ ಪ್ರಕರಣ, ನಷ್ಟವನ್ನು ತಗ್ಗಿಸಲು ಕೈಯಲ್ಲಿದ್ದ ಉಪಾಯಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆನ್ನುತ್ತದೆ. ಮೂಲದೋಷ ಮೇಸ್ತ್ರಿಯದೇ, ದೀಪ ಹೊತ್ತಿದ ಮೇಲಿನ ದಾರಿ ಮಾತ್ರ ಗೃಹಸ್ಥರ ಲೆಕ್ಕಕ್ಕೆ ಸೇರುತ್ತದೆ. ದೀಪವೇ ಹೊತ್ತಲಿಲ್ಲ, ಅಥವಾ ಹೊತ್ತಿದ ಮರುಕ್ಷಣವೇ ಎಂಜಿನ್ನು ನಿಂತಿತು ಎಂದಾದರೆ ಈ ಪಾಲು ಇಲ್ಲ. ಫಿಲ್ಟರ್ ಒಮ್ಮೆಲೇ ಜಾರಿದಾಗ ಬಹುಮಟ್ಟಿಗೆ ಆಗುವುದು ಹೀಗೆಯೇ. ಪರಿಹಾರದ ಮೊತ್ತದಲ್ಲಿಯೂ ವಿವೇಕ ಬೇಕು: ಲಕ್ಷ ಕಿಲೋಮೀಟರು ಓಡಿದ ಎಂಜಿನ್ನಿಗೆ ಬದಲು ಹೊಚ್ಚಹೊಸದನ್ನು ಕೇಳಿದರೆ ಸವೆತದ ಪಾಲನ್ನು ಕಳೆಯುವುದು ನ್ಯಾಯಸಮ್ಮತ.

ಎಣ್ಣೆಯೇ ದೋಷಯುಕ್ತವಾಗಿದ್ದರೆ? ಗ್ಯಾರೇಜಿನವನು ತಾನೇ ತರಿಸಿ ಹಾಕಿದ್ದರೆ ಗಿರಾಕಿಗೆ ಉತ್ತರ ಹೇಳಬೇಕಾದವನು ಅವನೇ. ಅವನು ಬೇಕಾದರೆ ಮಾರಿದವನನ್ನೂ ತಯಾರಿಸಿದವನನ್ನೂ ಹಿಡಿಯಲಿ. ಅಗ್ಗವೆಂದು ನಾವೇ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಡಬ್ಬಿ ಕೊಂಡು ತಂದುಕೊಟ್ಟಿದ್ದರೆ ಅದರ ಗುಣಕ್ಕೆ ಮೇಸ್ತ್ರಿ ಹೊಣೆಯಲ್ಲ. ಆದರೆ ಡಬ್ಬಿಯ ಮೇಲಿನ ಗ್ರೇಡನ್ನು ಓದಿ, ಇದು ಈ ಗಾಡಿಗೆ ಸಲ್ಲದೆಂದು ಹೇಳುವಷ್ಟು ತಿಳಿವಳಿಕೆ ಅವನಲ್ಲಿರಬೇಕೆಂದು ನಿರೀಕ್ಷಿಸುವುದು ತಪ್ಪಾಗದು. ಕ್ಲಚ್ಚು ಎಣ್ಣೆಯಲ್ಲಿಯೇ ಮುಳುಗಿರುವ ಮೋಟಾರುಸೈಕಲ್ಲಿಗೆ ಕಾರಿನ ಎಣ್ಣೆ ಸುರಿದರೆ ಕ್ಲಚ್ಚು ಜಾರತೊಡಗಬಹುದು. ಅದಕ್ಕೆಂದೇ ಇಂಥ ಮೋಟಾರುಸೈಕಲ್ಲುಗಳ ಎಣ್ಣೆಯ ಡಬ್ಬಿಗಳ ಮೇಲೆ ಜಾಸೋ ಎಂಎ ಎಂಬ ಮುದ್ರೆ ಇರುತ್ತದೆ.

ತಯಾರಿಕಾ ಕಂಪನಿಯ ವಾರಂಟಿ ಇನ್ನೂ ನಡೆಯುತ್ತಿರುವಾಗ ಹೊರಗಿನ ಗ್ಯಾರೇಜಿನಲ್ಲಿ ಎಣ್ಣೆ ಹಾಕಿಸಿದೆವೆಂದು ವಾರಂಟಿ ಸಮೂಲವಾಗಿ ಹೋಯಿತೆಂದು ಹೆದರಿಸುವ ವಾಡಿಕೆಯುಂಟು. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮಿಕ್ಕ ದಂಡ ವಿಧಿಸಿದ ಆದೇಶದಲ್ಲಿ ಈ ವಿಷಯವನ್ನೂ ಎತ್ತಿಕೊಂಡು, ಸ್ವತಂತ್ರ ರಿಪೇರಿಗಾರರ ಬಳಿಗೆ ಹೋದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಪಡಿಸಬಾರದು, ಆ ರಿಪೇರಿಯ ದೋಷದಿಂದ ಉಂಟಾದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದಿತು. ದಂಡದ ಮೊತ್ತ ಮೇಲ್ಮನವಿಗಳಿಗೆ ಗುರಿಯಾಯಿತು. ಆದರೂ ಆ ವಿವೇಚನೆ ಒಪ್ಪತಕ್ಕದ್ದೇ. ವಿಮೆಯಿಂದ ಹೆಚ್ಚಿನದನ್ನು ನಿರೀಕ್ಷಿಸಬೇಡಿ. ಸಾಮಾನ್ಯ ಮೋಟಾರು ಪಾಲಿಸಿ ಅಪಘಾತದಂಥ ಹೊರಗಿನ ಕಾರಣದಿಂದಾದ ಹಾನಿಗೆ ಮಾತ್ರ. ಯಾಂತ್ರಿಕ ಕೆಡುಕೂ, ಒಂದರಿಂದ ಮುಂದೆ ಬೆಳೆದ ಪರಿಣಾಮರೂಪದ ನಷ್ಟವೂ ಅದರ ಹೊರಗೆ. ಕಲ್ಲು ಬಡಿದ ಚೇಂಬರಿಗೆ ಹಣ ಕೊಡುವ ಕಂಪನಿ, ಎಣ್ಣೆ ಸೋರಿದ ಮೇಲೂ ಓಡಿಸಿ ಸುಟ್ಟ ಎಂಜಿನ್ನಿಗೆ ಬೇರೆ ಕಂತು ಕಟ್ಟಿ ಎಂಜಿನ್ ರಕ್ಷಣೆಯ ಪೂರಕ ಪಡೆಯದಿದ್ದರೆ ಕೊಡುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ವ್ಯಾಜ್ಯಗಳು ಸೋಲುವುದು ಕಾಯಿದೆಯ ಕೊರತೆಯಿಂದಲ್ಲ, ಸಾಕ್ಷಿಯ ಕೊರತೆಯಿಂದ. ಗಾಡಿ ನಿಂತೊಡನೆ ನಾವು ಮಾಡುವುದೇನು? ಅದೇ ಗ್ಯಾರೇಜಿಗೆ ಫೋನು ಮಾಡುತ್ತೇವೆ. ಅವರು ಬಂದು ಬೋಲ್ಟು ಬಿಗಿದು, ಎರಡು ಲೀಟರು ಎಣ್ಣೆ ಸುರಿದು, ಗಾಡಿಯನ್ನು ಎಳೆದೊಯ್ದು, ನಾವು ಹೋಗುವ ಮುನ್ನವೇ ಎಂಜಿನ್ನನ್ನು ಬಿಚ್ಚಿ ಹರಡಿಬಿಡುತ್ತಾರೆ. ಆ ಕ್ಷಣಕ್ಕೆ ಪ್ರಮಾಣವೆಲ್ಲ ನಾಶವಾಯಿತು. ಹೀಗಾಗಗೊಡಬೇಡಿ. ಗಾಡಿ ನಿಂತ ಸ್ಥಳದಲ್ಲಿಯೇ ಅಡಿಭಾಗದ, ಡ್ರೈನ್ ಬೋಲ್ಟಿನ, ಫಿಲ್ಟರಿನ, ರಸ್ತೆಯ ಮೇಲಿನ ಎಣ್ಣೆಯ ಜಾಡಿನ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಡಿಪ್‌ಸ್ಟಿಕ್ ಎಳೆದು ಎಣ್ಣೆಯ ಮಟ್ಟವನ್ನೂ, ಮೀಟರಿನ ಕಿಲೋಮೀಟರನ್ನೂ ಚಿತ್ರಿಸಿಕೊಳ್ಳಿ. ಎಣ್ಣೆ ಹಾಕಿ ಮತ್ತೆ ಚಾಲೂ ಮಾಡಿ ನೋಡುವ ಕುತೂಹಲವನ್ನು ಹತ್ತಿಕ್ಕಿ. ಸಾಧ್ಯವಾದರೆ ಬೇರೆ ಗ್ಯಾರೇಜಿಗೆ ಒಯ್ಯಿಸಿ, ಮೊದಲಿನವರಿಗೆ ಬರಹದಲ್ಲಿ ತಿಳಿಸಿ, ಅವರ ಸಮಕ್ಷಮದಲ್ಲಿ, ಪರವಾನಗಿಯುಳ್ಳ ಸರ್ವೇಯರೊಬ್ಬರ ಎದುರಿಗೆ ಎಂಜಿನ್ನನ್ನು ಬಿಚ್ಚಿಸಿ. ಕಳಚಿದ ಬೇರಿಂಗು, ವಾಷರು, ಫಿಲ್ಟರುಗಳನ್ನು ಗುಜರಿಗೆ ಹಾಕಗೊಡದೆ ಕಟ್ಟಿ ಇರಿಸಿಕೊಳ್ಳಿ. ಮೊದಲಿನ ಗ್ಯಾರೇಜಿನವರು ಗಾಡಿಯನ್ನು ತಮ್ಮಲ್ಲಿಯೇ ತಡೆದು, ಬಿಲ್ಲು ಕೊಡದೆ ಬಿಡೆವೆಂದರೆ, ಆಕ್ಷೇಪಣೆಗೆ ಒಳಪಟ್ಟು ಕೊಟ್ಟಿದ್ದೇನೆ ಎಂದು ಬಿಲ್ಲಿನ ಮೇಲೆಯೇ ಬರೆದು ಹಣ ಕೊಟ್ಟು ಬಿಡಿಸಿಕೊಂಡು ಬರುವುದು ಜಗಳಕ್ಕಿಂತ ಮೇಲು.

ಒಳ್ಳೆಯ ಗ್ಯಾರೇಜಿನವರು ತಪ್ಪನ್ನು ಒಪ್ಪಿ ಸರಿಪಡಿಸಿಕೊಡುವುದೂ ಉಂಟು. ಅಂಥವರೊಡನೆ ರಾಜಿಯೇ ಲೇಸು. ಒಪ್ಪದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯುಂಟು, ಅದಕ್ಕೂ ಮಣಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವುಂಟು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಕೆಲಸ ಬೇರೆ ಊರಿನಲ್ಲಿ ನಡೆದಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ವಕೀಲರಿಲ್ಲದೆ ತಾವೇ ವಾದಿಸಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ಶುಲ್ಕವಿಲ್ಲ. ಅವಧಿ ಎರಡು ವರ್ಷ. ಆದರೆ ಎಲ್ಲಕ್ಕಿಂತ ಮೊದಲು ಆ ಗ್ಯಾರೇಜಿನಲ್ಲಿಯೇ, ಆ ದಿನವೇ, ಹಣ ಕೊಟ್ಟು ಎಣ್ಣೆ ಬದಲಾಯಿಸಿಕೊಂಡೆವೆಂಬುದು ಸಿದ್ಧವಾಗಬೇಕು. ಹತ್ತೋ ನೂರೋ ಉಳಿಯುವುದೆಂದು ಬಿಲ್ಲು ಬೇಡವೆಂದವರಿಗೆ ಅದೇ ಕಷ್ಟವಾಗುತ್ತದೆ. ಎಣ್ಣೆಯ ಗ್ರೇಡು, ಅಳತೆ, ಮೀಟರಿನ ಅಂಕಿ ಇವಿಷ್ಟನ್ನೂ ಕಾಣಿಸಿದ ರಸೀದಿಯನ್ನು ಕೇಳಿ ಪಡೆದು, ಗಾಡಿಯ ಕಾಗದಗಳೊಡನೆ ಇಟ್ಟುಕೊಳ್ಳಿ.